ಮಕ್ಕಳ ಲೆಕ್ಕವನ್ನು ನೋಡುವವರು ಯಾರು?

(ಶತಮಾನೋತ್ಸವದ ಅಂಗವಾಗಿ ನಡೆದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೊಳತ್ತೂರಿನ ಸಂತೆಯಲ್ಲಿ ಯಾರನ್ನು ಬೇಕಾದರೂ ನಿಲ್ಲಿಸಿ, ಮೆಟ್ಟೂರು ಜಲಾಶಯದಲ್ಲಿ ಇಂದು ನೀರು ಎಷ್ಟಿದೆ ಎಂದು ಕೇಳಿ ನೋಡಿ. ಅಡಿಗಳ ಲೆಕ್ಕದಲ್ಲಿ ಉತ್ತರ ಬರುತ್ತದೆ. 120 ಅಡಿ ತುಂಬಿದರೆ ನಮಗೆಲ್ಲ ಹಬ್ಬ. ನೀರು ತೀರ ಇಳಿದರೆ ಪಣ್ಣವಾಡಿಯ ಮುಳುಗಡೆಯ ನಂದಿ ತಲೆಯೆತ್ತುವುದನ್ನು ನೋಡಲು ಜನ ಹೊರಡುತ್ತಾರೆ. ಜೂನ್ 12ರಂದು ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂಬುದನ್ನು ತಂಜಾವೂರಿನ ರೈತನೂ ಇಲ್ಲಿಯ ಮೀನುಗಾರನೂ ಒಂದೇ ಆತಂಕದಿಂದ ವಿಚಾರಿಸುತ್ತಾರೆ. 1934ರಲ್ಲಿ ಅಣೆಕಟ್ಟು ಪೂರ್ಣಗೊಂಡಂದಿನಿಂದ ಆ ನೀರನ್ನು ಅಳೆಯುವುದೂ ಅಳೆದುದನ್ನು ಊರಿಗೆ ತಿಳಿಸುವುದೂ ನಡೆದುಬಂದಿದೆ. ಇನ್ನೊಂದು ಪ್ರಶ್ನೆಯನ್ನು ಅದೇ ಸಂತೆಯಲ್ಲಿ ಕೇಳೋಣ. ನಿಮ್ಮ ಬೀದಿಯ ಅಂಗನವಾಡಿಯಲ್ಲಿ ವಯಸ್ಸಿಗೆ ತಕ್ಕ ತೂಕವಿಲ್ಲದ ಮಕ್ಕಳು ಎಷ್ಟು? ಮೂರನೆಯ ತರಗತಿಯಲ್ಲಿ ಒಂದು ಸಾಲನ್ನು ತಡವರಿಸದೆ ಓದಬಲ್ಲವರು ಎಷ್ಟು? ಉತ್ತರ ಎಲ್ಲಿಯೋ ಒಂದು ದಾಖಲೆ ಪುಸ್ತಕದಲ್ಲಿರುತ್ತದೆ. ನಮ್ಮ ಬಾಯಲ್ಲಿರುವುದಿಲ್ಲ.

ನೂರು ವರ್ಷ ತುಂಬಿದ ಸಂಭ್ರಮದಲ್ಲಿ ಇಂಥ ಒಣ ವಿಷಯವೇಕೆಂದು ನಿಮಗೆ ಅನಿಸೀತು. ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಮೇಲ್ವಿಚಾರಕಿಯಾಗಿ ಊರೂರು ಸುತ್ತಿ ನಿವೃತ್ತಳಾದವಳು ನಾನು. ನನಗೆ ಗೊತ್ತಿರುವುದು ಇದೊಂದೇ. ಅದರಲ್ಲಿ ನಾನೇ ಮಾಡಿದ ತಪ್ಪೊಂದಿದೆ. ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ಊರಿನ ಹೆಸರು ಬೇಡ. ನದಿಯಿಂದ ದೂರದ, ಬೆಟ್ಟದ ಬುಡದ ಒಂದು ಹಳ್ಳಿ. ಅಲ್ಲಿಯ ಅಂಗನವಾಡಿಯ ತೂಕದ ಪುಸ್ತಕವನ್ನು ನಾನು ಮೂರು ವರ್ಷ ಮೆಚ್ಚಿಕೊಂಡೇ ಸಹಿ ಹಾಕಿದ್ದೆ. ಮುತ್ತಿನಂಥ ಅಕ್ಷರ, ಒಂದು ಚಿತ್ತೂ ಇಲ್ಲ. ಇಪ್ಪತ್ತೆರಡು ಮಕ್ಕಳಲ್ಲಿ ಬಹುಪಾಲು ಎಲ್ಲರೂ ಹಸಿರು ಪಟ್ಟಿಯೊಳಗೆ. ಒಂದು ದಿನ ಬಸ್ಸು ತಪ್ಪಿ ಅಲ್ಲಿಯೇ ಮಧ್ಯಾಹ್ನದವರೆಗೆ ಕೂರಬೇಕಾಯಿತು. ಬೇರೆ ಕೆಲಸವಿಲ್ಲದೆ ಪುಸ್ತಕದ ಹಿಂದಿನ ಪುಟಗಳನ್ನು ಮಗುಚುತ್ತ ಹೋದೆ. ಪ್ರತಿಯೊಂದು ಮಗುವೂ ಪ್ರತಿ ತಿಂಗಳೂ ಇನ್ನೂರು ಗ್ರಾಮಿನಂತೆ ಬೆಳೆದಿತ್ತು. ಮಳೆಗಾಲದಲ್ಲಿ ಊರಿಗೆ ಊರೇ ವಾಂತಿಭೇದಿಯಿಂದ ಮಲಗಿದ ತಿಂಗಳಲ್ಲಿಯೂ ಇನ್ನೂರು ಗ್ರಾಂ. ಗೋಡೆಯ ಮೊಳೆಯಲ್ಲಿ ತಕ್ಕಡಿ ನೇತಾಡುತ್ತಿತ್ತು. ಮಗುವನ್ನು ಚೀಲದಲ್ಲಿ ಕೂರಿಸಿ ಕೊಕ್ಕೆಗೆ ತೂಗುಹಾಕುವ, ಗಡಿಯಾರದಂಥ ಮುಖದ ತಕ್ಕಡಿ. ಪಕ್ಕದ ಅಂಗಡಿಯಿಂದ ಎರಡು ಕಿಲೋದ ಕಬ್ಬಿಣದ ಕಲ್ಲನ್ನು ತರಿಸಿ ಕೊಕ್ಕೆಗೆ ಕಟ್ಟಿದೆ. ಮುಳ್ಳು ಎರಡು ಕಿಲೋ ಏಳುನೂರು ಗ್ರಾಂ ತೋರಿಸಿತು.

ಏಳುನೂರು ಗ್ರಾಂ ಎಂದರೆ ತರಕಾರಿ ಕೊಳ್ಳುವಾಗ ದೊಡ್ಡ ಮೋಸವೇನಲ್ಲ ಎನ್ನಬಹುದು. ಮಗುವಿನ ವಿಷಯದಲ್ಲಿ ಹಾಗಲ್ಲ. ಎರಡು ವರ್ಷ ತುಂಬಿದ ಹೆಣ್ಣುಮಗು ಒಂಬತ್ತು ಕಿಲೋಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಹಳದಿ ಪಟ್ಟಿಗೆ ಬೀಳುತ್ತಾಳೆ. ಸುಮಾರು ಎಂಟು ಕಿಲೋಗಿಂತ ಕೆಳಗಿಳಿದರೆ ಅದು ಅಪಾಯದ ಪಟ್ಟಿ. ಎಂಟು ಕಿಲೋ ಆರುನೂರು ಗ್ರಾಮಿನ ಮಗುವನ್ನು ಆ ತಕ್ಕಡಿ ಒಂಬತ್ತು ಕಿಲೋ ಮುನ್ನೂರು ಎಂದು ತೋರಿಸುತ್ತಿತ್ತು. ಆ ಮಗುವಿಗೆ ಸಲ್ಲಬೇಕಾದ ಹೆಚ್ಚಿನ ಆಹಾರ, ದಾದಿಯ ಭೇಟಿ, ಆಸ್ಪತ್ರೆಯ ಚೀಟಿ ಎಲ್ಲವೂ ಹಸಿರು ಬಣ್ಣದ ಒಂದು ಚುಕ್ಕೆಯೊಳಗೆ ಮುಚ್ಚಿಹೋದವು.

ಕಾರ್ಯಕರ್ತೆಯನ್ನು ಗದರಿಸಲು ಬಾಯಿ ತೆರೆದೆ. ಆಕೆ ಅಳಲಿಲ್ಲ, ವಾದಿಸಲೂ ಇಲ್ಲ. ಪೆಟ್ಟಿಗೆಯಿಂದ ಮೂರು ಕಾಗದಗಳ ನಕಲನ್ನು ತೆಗೆದು ಮುಂದಿಟ್ಟಳು. ತಕ್ಕಡಿ ಕೆಟ್ಟಿದೆ, ಹೊಸದು ಬೇಕು ಎಂದು ಬೇರೆ ಬೇರೆ ತಿಂಗಳಲ್ಲಿ ಬರೆದವು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: "ಅಕ್ಕಾ, ಹಳದಿ ಜಾಸ್ತಿ ಬಂದ್ರೆ ಮೀಟಿಂಗ್‌ನಲ್ಲಿ ನಿಲ್ಲಿಸಿ ಕೇಳೋದು ನೀವೇ ಅಲ್ವಾ?"

ಕೇಳುತ್ತಿದ್ದುದು ನಿಜವಾಗಿಯೂ ನಾನೇ. ತಿಂಗಳ ಸಭೆಯಲ್ಲಿ ಹಳದಿ ಮಕ್ಕಳು ಹೆಚ್ಚಿದ ಕೇಂದ್ರದವರನ್ನು ಎಬ್ಬಿಸಿ ಕಾರಣ ಕೇಳುವುದನ್ನು ನಾನು ಕರ್ತವ್ಯವೆಂದೇ ತಿಳಿದಿದ್ದೆ. ನನ್ನನ್ನು ಮೇಲಿನವರು ಹಾಗೆಯೇ ಎಬ್ಬಿಸುತ್ತಿದ್ದರು. ಕೆಟ್ಟ ಸುದ್ದಿ ತಂದವರಿಗೆ ಶಿಕ್ಷೆ, ಒಳ್ಳೆಯ ಸುದ್ದಿ ತಂದವರಿಗೆ ಶಹಬಾಸ್‌ಗಿರಿ ಎಂದಾದ ಮೇಲೆ ಕೆಟ್ಟ ಸುದ್ದಿಯನ್ನು ಬರೆಯುವವರು ಯಾರು? ತಕ್ಕಡಿ ಕೆಟ್ಟದ್ದು ಆಕೆಗೆ ಒಂದು ರೀತಿಯಲ್ಲಿ ನೆಮ್ಮದಿಯನ್ನೇ ತಂದಿತ್ತು.

ಈ ರೋಗ ಹೊಸದಲ್ಲ, ನಮ್ಮ ಶಾಲೆಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತದ ಶಾಲೆಗಳಿಗೆ ಸಹಾಯಧನ ಕೊಡಲು ಒಂದು ಪದ್ಧತಿಯಿತ್ತು. ಇನ್‌ಸ್ಪೆಕ್ಟರು ಬಂದು ಪರೀಕ್ಷೆ ಮಾಡುವುದು. ತೇರ್ಗಡೆಯಾದ ತಲೆಗಳನ್ನು ಎಣಿಸಿ ದುಡ್ಡು ಕೊಡುವುದು. ಪ್ರಗತಿಯನ್ನು ಅಳೆಯಲು ಇದಕ್ಕಿಂತ ನ್ಯಾಯವಾದ ದಾರಿ ಯಾವುದೆಂದು ಆಗಿನವರಿಗೆ ಅನಿಸಿರಬೇಕು. ಆದರೆ ಉಪಾಧ್ಯಾಯರು ಬಡವರು. ಅನ್ನ ಹುಟ್ಟುವ ಪ್ರಶ್ನೆಗಳನ್ನೇ ಮಕ್ಕಳಿಗೆ ಉರು ಹೊಡೆಸಿದರು. ಪಾಠ ಹಿಂದೆ ಬಿತ್ತು, ಇನ್‌ಸ್ಪೆಕ್ಟರ ಭೇಟಿ ಮುಂದಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ಕಾರವೇ ಆ ಪದ್ಧತಿಯನ್ನು ಕೈಬಿಟ್ಟಿತು. 1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಅಧಿನಿಯಮ ಬರುವ ಹೊತ್ತಿಗೆ ಊರಿನ ಶಾಲೆಗೆ ಸ್ಥಳೀಯ ಸಂಸ್ಥೆಯೂ ಹೊಣೆ ಎಂಬ ಮಾತು ಬಲವಾಗುತ್ತ ಬಂದಿತ್ತು. ನಮ್ಮ ಶಾಲೆ ಹುಟ್ಟಿದ್ದು ಅಂಥ ಗಾಳಿಯಲ್ಲಿ.

ಇದು ಬಡದೇಶದ ಕಥೆ ಮಾತ್ರ ಎಂದು ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ಮಕ್ಕಳ ರಕ್ಷಣೆಯ ಹೊಣೆ ಅಲ್ಲಿಯ ಸ್ಥಳೀಯ ಆಡಳಿತ ಮಂಡಳಿಗಳದು; ಅವುಗಳ ಕೆಲಸವನ್ನು ಪರಿಶೀಲಿಸಿ ದರ್ಜೆ ಕೊಡಲು ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆಯಿದೆ. ಲಂಡನ್ನಿನ ಹ್ಯಾರಿಂಗೇ ಎಂಬ ಭಾಗದಲ್ಲಿ 2007ರ ಆಗಸ್ಟಿನಲ್ಲಿ ಹದಿನೇಳು ತಿಂಗಳ ಒಂದು ಗಂಡುಮಗು ಮನೆಯವರ ಹಿಂಸೆಯಿಂದ ಸತ್ತಿತು. ಅಧಿಕಾರಿಗಳೂ ವೈದ್ಯರೂ ಆ ಮಗುವನ್ನು ಅನೇಕ ಬಾರಿ ನೋಡಿದ್ದರು. ಅದೇ ವರ್ಷದ ಕೊನೆಯಲ್ಲಿ ಆ ಮಂಡಳಿಯ ಮಕ್ಕಳ ಸೇವೆಗೆ "ಉತ್ತಮ" ಎಂಬ ದರ್ಜೆ ಸಿಕ್ಕಿತು. ಮಂಡಳಿಯೇ ಒದಗಿಸಿದ ಅಂಕಿಅಂಶಗಳನ್ನು ಬಹುಮಟ್ಟಿಗೆ ನಂಬಿ ಕೊಟ್ಟ ದರ್ಜೆಯದು. ಮರುವರ್ಷ ತಪಾಸಕರು ನೇರವಾಗಿ ಹೋಗಿ ಕಡತ ಬಿಚ್ಚಿದಾಗ ಅದೇ ಸೇವೆ ತೀರ ಅಸಮರ್ಪಕವೆಂದು ತೀರ್ಪಾಯಿತು. ಹಣವಿತ್ತು, ಗಣಕಯಂತ್ರಗಳಿದ್ದವು, ಕಾನೂನಿತ್ತು. ತಕ್ಕಡಿ ಮಾತ್ರ ನಮ್ಮ ಬೆಟ್ಟದ ಬುಡದ ಹಳ್ಳಿಯದೇ.

ಹಾಗಾದರೆ ಅಳೆಯುವುದನ್ನೇ ಬಿಡಬೇಕೆ? ಖಂಡಿತ ಬೇಡ. ಅಳತೆಯನ್ನು ಯಾರ ಮುಂದೆ ಇಡುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. 1980ರಲ್ಲಿ ತಮಿಳುನಾಡಿನಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಸಮಗ್ರ ಪೌಷ್ಟಿಕತೆಯ ಯೋಜನೆಯೊಂದು ಶುರುವಾಯಿತು. ಮೂರು ವರ್ಷದೊಳಗಿನ ಕೂಸುಗಳನ್ನು ತಿಂಗಳು ತಿಂಗಳು ತೂಗುವುದು, ತೂಕ ಏರದ ಕೂಸಿಗೆ ಪುಷ್ಟಿ ಆಹಾರ ಕೊಡುವುದು, ಏರಿದ ಮೇಲೆ ನಿಲ್ಲಿಸುವುದು ಅದರ ಕ್ರಮ. ಊರಿನ ಹೆಂಗಸರನ್ನೇ ಆ ಕೆಲಸಕ್ಕೆ ಆರಿಸಿಕೊಂಡಿದ್ದರು. ತಿಂಗಳ ಲೆಕ್ಕವನ್ನು ಕೇಂದ್ರದ ಹೊರಗಿನ ಹಲಗೆಯ ಮೇಲೆ ಬರೆಯುತ್ತಿದ್ದರು. ನೀರು ತರಲು ಹೋಗುವ ಹೆಂಗಸು ನಿಂತು ನೋಡಿ, "ನಮ್ಮ ಬೀದೀಲಿ ಇಷ್ಟು ಕೂಸು ಹಿಂದೆ ಬಿದ್ದವೆಯೇ?" ಎಂದು ಕೇಳುವುದಕ್ಕೆ ಅಲ್ಲಿ ಅವಕಾಶವಿತ್ತು. ಆಮೇಲೆ ಹಲಗೆಗಳು ಹೋದವು, ಪುಸ್ತಕಗಳು ಬಂದವು. 2021ರಿಂದ ಪುಸ್ತಕಗಳೂ ಹೋಗಿ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಕಾರ್ಯಕರ್ತೆಯ ಫೋನಿನೊಳಗೆ ಬಂದು ಕುಳಿತಿದೆ. ದೆಹಲಿಯಲ್ಲಿ ಕುಳಿತವರಿಗೆ ನಮ್ಮ ಕೂಸಿನ ತೂಕ ಕಾಣುತ್ತದೆ. ಅಂಗನವಾಡಿಯ ಬಾಗಿಲಲ್ಲಿ ನಿಂತ ಅದರ ಅಜ್ಜಿಗೆ ಕಾಣುವುದಿಲ್ಲ. ನಾನು ಯಂತ್ರದ ವೈರಿಯಲ್ಲ. ಆದರೆ ಒಂದು ಹಲಗೆ, ಒಂದು ತುಂಡು ಸೀಮೆಸುಣ್ಣ ಇಟ್ಟುಕೊಳ್ಳಲು ಯಾರ ಅಪ್ಪಣೆ ಬೇಕು?

ಕುಂದಾಪುರ ತಾಲ್ಲೂಕಿನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. 1990ರ ದಶಕದಲ್ಲಿ ಅಲ್ಲಿ ದುಡಿಯುವ ಮಕ್ಕಳೇ ಭೀಮಸಂಘ ಎಂಬ ಸಂಘ ಕಟ್ಟಿಕೊಂಡು, ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯತಿಗಳನ್ನು ನಡೆಸಿದರು. ಮನೆಮನೆ ಸುತ್ತಿ ತಮ್ಮ ತೊಂದರೆಗಳ ಲೆಕ್ಕವನ್ನು ತಾವೇ ಹಾಕಿದರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎಂಬುದು ಅಂಥ ಲೆಕ್ಕದಿಂದ ಹೊರಟ ಬೇಡಿಕೆ. ದೊಡ್ಡವರ ದಾಖಲೆಯಲ್ಲಿ ಆ ಮಕ್ಕಳು "ಗೈರುಹಾಜರಿ" ಎಂದಿದ್ದರು. ಮಕ್ಕಳ ದಾಖಲೆಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು. ಮುಂದೆ ಕರ್ನಾಟಕ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳಲ್ಲಿಯೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಹೇಳಿತು. ಎಲ್ಲೆಡೆ ಅದು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಬಿಸ್ಕತ್ತು ಕೊಟ್ಟು ಫೋಟೋ ತೆಗೆದು ಮುಗಿಸಿದ ಸಭೆಗಳ ಸುದ್ದಿಯನ್ನೂ ಕೇಳಿದ್ದೇನೆ. 2001ರಲ್ಲಿ, ಡಾ. ರಾಜಾರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ, ಅಲ್ಲಿಯ ಶಾಲೆಗಳಿಗೆ ಪಾಲಕರ ಸಮಿತಿಗಳು ಬಂದಾಗ ಅವಕ್ಕಿಟ್ಟ ಹೆಸರು ನನಗೆ ಇಷ್ಟ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮೇಲುಸ್ತುವಾರಿ ಎಂಬ ಮಾತನ್ನು ಅಧಿಕಾರಿಯ ಕೈಯಿಂದ ತೆಗೆದು ತಾಯಿತಂದೆಯರ ಕೈಗೆ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ನಮ್ಮ ನೆಲದಲ್ಲಿಯೂ ಕಾನೂನಿಗೇನೂ ಕೊರತೆಯಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯಂತೆ ತನ್ನ ಎಲ್ಲೆಯೊಳಗಿನ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿನ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಮಗುವಿನ ಹಕ್ಕಿಗೆ ಧಕ್ಕೆಯಾದರೆ ಯಾರು ಬೇಕಾದರೂ ಸ್ಥಳೀಯ ಸಂಸ್ಥೆಗೆ ಬರೆದು ಕೊಡಬಹುದು. ಮೂರು ತಿಂಗಳಲ್ಲಿ ಅದು ತೀರ್ಮಾನ ಹೇಳಬೇಕು. ಇಷ್ಟು ತಿಳಿದಿದ್ದರೆ ಸಾಕು, ಉಳಿದ ಕಲಮುಗಳನ್ನು ವಕೀಲರಿಗೆ ಬಿಡೋಣ.

ಆದರೆ ನಮ್ಮಂಥ ಗಡಿಯ ಕನ್ನಡಿಗರ ಪಾಲಿಗೆ ಈ ಲೆಕ್ಕದಲ್ಲಿ ಇನ್ನೊಂದು ಸುಳಿಯಿದೆ. ಒಂದು ಊರಿನ ಶಾಲಾ ಸಮಿತಿಯ ಸಭೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಅರ್ಧ ವರ್ಷ ಕಳೆದರೂ ಎರಡನೆಯ ತರಗತಿಗೆ ಕನ್ನಡ ಪುಸ್ತಕ ಬಂದಿಲ್ಲವೆಂದು ಒಬ್ಬ ತಾಯಿ ಎದ್ದು ಹೇಳಿದಳು. ಕೂಲಿಯ ದಿನವನ್ನು ಕಳೆದುಕೊಂಡು ಬಂದವಳು, ಕೈ ನಡುಗುತ್ತಿತ್ತು. ಎಲ್ಲರೂ ತಲೆಯಾಡಿಸಿದರು. ಸಭೆ ಮುಗಿದ ಮೇಲೆ ನಡಾವಳಿಯ ಪುಸ್ತಕ ಬಂತು, ಆಕೆಯೂ ಸಹಿ ಹಾಕಿದಳು. ಕನ್ನಡದಲ್ಲಿ, ಗುಂಡಗೆ, ಒಂದೊಂದೇ ಅಕ್ಷರವಾಗಿ. ಮೇಲೆ ತಮಿಳಿನಲ್ಲಿ ಬರೆದಿದ್ದುದನ್ನು ನಾನು ಓದಿದೆ: ಶಾಲೆಯ ಕಾರ್ಯದ ಬಗ್ಗೆ ಪೋಷಕರು ತೃಪ್ತಿ ವ್ಯಕ್ತಪಡಿಸಿದರು. ಬರೆದವರಲ್ಲಿ ಕೇಡಿನ ಮನಸ್ಸಿತ್ತೆಂದು ನಾನು ಹೇಳಲಾರೆ. ಕಳೆದ ತಿಂಗಳ ವಾಕ್ಯವನ್ನೇ ಈ ತಿಂಗಳಿಗೂ ಇಳಿಸಿಕೊಂಡಿದ್ದರು, ಅಷ್ಟೇ. ಆದರೆ ಆ ತಾಯಿಯ ದೂರು ಆಕೆಯದೇ ಸಹಿಯಿಂದ ಅಳಿಸಿಹೋಯಿತು.

ತಮಿಳು ನಮಗೆ ಪರಕೀಯವಲ್ಲ. ನನ್ನ ಸೇವೆಯುದ್ದಕ್ಕೂ ವರದಿ ಬರೆದದ್ದು ತಮಿಳಿನಲ್ಲಿಯೇ. ನೆರೆಮನೆಯವರೊಡನೆ ಸುಖದುಃಖ ಹಂಚಿಕೊಂಡದ್ದೂ ಆ ಭಾಷೆಯಲ್ಲಿ. ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲಿ. ನಾನು ಕೇಳುವುದು ಇಷ್ಟು: ಸಹಿ ಹಾಕಿಸುವ ಮುನ್ನ ನಡಾವಳಿಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ. ಹತ್ತು ನಿಮಿಷದ ಕೆಲಸ.

ಎಣಿಕೆಗೂ ಭಾಷೆಗೂ ಇರುವ ಗಂಟು ಇನ್ನೂ ಆಳದ್ದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಒದಗಿಸಬೇಕೆಂಬ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಅದಕ್ಕೂ ಮೊದಲು, 1949ರ ಆಗಸ್ಟಿನಲ್ಲಿ, ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತ್ತು. ಇಡೀ ಶಾಲೆಯಲ್ಲಿ ನಲವತ್ತು ಮಕ್ಕಳು, ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳು ಆ ಭಾಷೆಯವರಿದ್ದರೆ ಆ ಭಾಷೆಯ ಉಪಾಧ್ಯಾಯರೊಬ್ಬರನ್ನಾದರೂ ನೇಮಿಸಬೇಕು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಕ್ರಮಗಳಲ್ಲಿ ಇದರ ಜೊತೆಗೆ ಮುಂಗಡ ನೋಂದಣಿಯ ಪುಸ್ತಕ ಎಂಬುದೊಂದಿದೆ. ಶಾಲಾ ವರ್ಷ ಆರಂಭವಾಗುವುದಕ್ಕೆ ಮೂರು ತಿಂಗಳು ಮೊದಲೇ, ನನ್ನ ಮಗು ಈ ಭಾಷೆಯಲ್ಲಿ ಕಲಿಯಬೇಕು ಎಂದು ಪೋಷಕರು ಹೆಸರು ಬರೆಸುವುದು. ಈ ಸಭೆಯಲ್ಲಿ ಆ ಪುಸ್ತಕವನ್ನು ಕಣ್ಣಿನಿಂದ ನೋಡಿದವರು ಕೈ ಎತ್ತಿ ಎಂದರೆ ಎಷ್ಟು ಕೈಗಳು ಏಳುತ್ತವೆಯೋ, ನಾನು ಕೇಳುವುದಿಲ್ಲ.

ಹತ್ತನೆಯ ಮಗು ಪುಸ್ತಕದಲ್ಲಿ ಇಲ್ಲದಿದ್ದರೆ ಒಂಬತ್ತು ಮಕ್ಕಳ ಉಪಾಧ್ಯಾಯರ ಹುದ್ದೆಯೇ ಪ್ರಶ್ನೆಗೆ ಸಿಲುಕುತ್ತದೆ. ಆ ಹತ್ತನೆಯ ಮಗು ಎಲ್ಲಿದೆ? ತಾಯಿತಂದೆಯರೊಡನೆ ಇಟ್ಟಿಗೆ ಗೂಡಿಗೆ ಹೋಗಿರಬಹುದು, ಕಾಫಿ ತೋಟಕ್ಕೆ ಹೋಗಿರಬಹುದು, ಪಾಲಾರಿನ ಆಚೆ ಮಹದೇಶ್ವರ ಬೆಟ್ಟದ ಕಡೆಯ ನೆಂಟರ ಮನೆಯಲ್ಲಿರಬಹುದು, ಪಾಲಮಲೆಯ ಮೇಲಿನ ಯಾವುದೋ ಹಟ್ಟಿಯಲ್ಲಿ ತಮ್ಮನನ್ನು ಎತ್ತಿಕೊಂಡಿರಬಹುದು. ಮೇಲಿನ ಅಧಿಕಾರಿಗೆ ಅದು ಒಂದು ಖಾಲಿ ಮನೆ. ಮಗುವಿನ ಹೆಸರೂ ಹೋದ ದಾರಿಯೂ ಗೊತ್ತಿರುವುದು ನಿಮಗೆ, ಅದರ ಬೀದಿಯವರಿಗೆ. ಇಂಥ ಮೇಲುಸ್ತುವಾರಿಯನ್ನು ಯಾವ ಕಚೇರಿಯೂ ಸೇಲಂನಿಂದ ಮಾಡಲಾರದು.

ತಮಿಳುನಾಡಿನಲ್ಲಿ ಗ್ರಾಮಸಭೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಡೆಯುತ್ತ ಬಂದಿದೆ. 2022ರಿಂದ ಮಾರ್ಚ್ 22 ಮತ್ತು ನವೆಂಬರ್ 1 ಕೂಡ ಸೇರಿವೆ. ನವೆಂಬರ್ 1 ಇಲ್ಲಿ ಸ್ಥಳೀಯ ಸಂಸ್ಥೆಗಳ ದಿನ. ಅದೇ ದಿನ ನಾವು ರಾಜ್ಯೋತ್ಸವವೆಂದು ಬಾವುಟ ಕಟ್ಟಿ ಹಾಡು ಹೇಳಿಸುತ್ತೇವೆ. 1956ರ ಅದೇ ದಿನ ನೆರೆಯ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇಲ್ಲಿ ಉಳಿದೆವು. ಕೊಳತ್ತೂರು ಪಟ್ಟಣ ಪಂಚಾಯತಿಯಾದ್ದರಿಂದ ಇಲ್ಲಿ ಗ್ರಾಮಸಭೆಯಿಲ್ಲ. ಆದರೆ ನಮ್ಮ ಮಕ್ಕಳಲ್ಲಿ ಅನೇಕರು ಬರುವುದು ಸುತ್ತಲಿನ ಹಳ್ಳಿಗಳಿಂದ, ಅಲ್ಲಿದೆ. ಬೆಳಿಗ್ಗೆ ಹಾಡು ಮುಗಿಸಿ ಅಲ್ಲಿಗೂ ಹೋಗಿ ಕೂತರೆ ಒಳ್ಳೆಯದು. ಬೀದಿದೀಪ, ಚರಂಡಿಯ ಮಾತು ಮುಗಿದ ಮೇಲೆ ಯಾರಾದರೂ ಒಬ್ಬ ತಾಯಿ ಎದ್ದು, ನಮ್ಮ ಊರಿನ ಅಂಗನವಾಡಿಯಲ್ಲಿ ಈ ತಿಂಗಳು ಎಷ್ಟು ಕೂಸು ಹಳದಿಯಲ್ಲಿವೆ ಎಂದು ಕೇಳಲಿ. ಉತ್ತರ ಹೇಳುವ ಕಾರ್ಯಕರ್ತೆಯನ್ನು ಬೈಯಬೇಡಿ. ಹೆಚ್ಚು ಹೇಳಿದಳೆಂದರೆ ಆಕೆ ಸರಿಯಾಗಿ ತೂಗಿದ್ದಾಳೆ ಎಂದು ತಿಳಿಯಿರಿ. ಕೇಳಿದ ಪ್ರಶ್ನೆಯೂ ಬಂದ ಉತ್ತರವೂ ನಡಾವಳಿಯಲ್ಲಿ ಬಂದಿದೆಯೇ ಎಂದು ನೋಡಿ, ಆಮೇಲೆ ಸಹಿ ಹಾಕಿ.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿಯಿದೆ. ಆ ದಿನ ಹಳ್ಳಿಯಲ್ಲಿ ಕಲ್ಲಿನಿಂದ ತಕ್ಕಡಿಯನ್ನು ಪರೀಕ್ಷಿಸಿದ ಮೇಲೆ, ನಿವೃತ್ತಳಾಗುವವರೆಗೂ ನನ್ನ ಚೀಲದಲ್ಲಿ ಎರಡು ಕಿಲೋದ ಒಂದು ಕಲ್ಲು ಇದ್ದೇ ಇರುತ್ತಿತ್ತು. ಜೊತೆಯ ಮೇಲ್ವಿಚಾರಕಿಯರು ನಗುತ್ತಿದ್ದರು. ಅದು ನನ್ನ ತಂದೆಯವರ ದಿನಸಿ ಅಂಗಡಿಯದು. ತೂಕ ಅಳತೆಯ ಇಲಾಖೆಯವರು ಬಂದು ಒತ್ತಿದ ಮುದ್ರೆಗಳು ಅದರ ತಳದಲ್ಲಿ ಇನ್ನೂ ಇವೆ. ಬೆಲ್ಲ ತೂಗುವ ಕಲ್ಲಿಗೆ ಮುದ್ರೆಯಿತ್ತು, ಕೂಸನ್ನು ತೂಗಿದ ಆ ತಕ್ಕಡಿಗೆ ಇರಲಿಲ್ಲ. ಇವತ್ತು ಅದನ್ನು ತಂದಿದ್ದೇನೆ. ಶಾಲೆಯ ಕಪಾಟಿನಲ್ಲಿ ಇಟ್ಟುಕೊಳ್ಳಿ. ಐದನೆಯ ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಅದನ್ನು ಹತ್ತಿರದ ಅಂಗನವಾಡಿಗೆ ಕೊಂಡೊಯ್ದು ತಕ್ಕಡಿಗೆ ಕಟ್ಟಿ, ಮುಳ್ಳು ಎಲ್ಲಿ ನಿಂತಿತೆಂದು ಓದಿ, ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಲಿ.